ಅಚ್ಚಿನ ತುಣುಕಿಗೊಂದು ಜಾಗ

ಬಟ್ಟೆ ಅಂಗಡಿಗೆ ಹೋದರೆ ನನ್ನ ಕಣ್ಣು ಮೊದಲು ಹುಡುಕುವುದು ಗೋಡೆಗೆ ಒರಗಿಸಿಟ್ಟ ಥಾನುಗಳನ್ನಲ್ಲ, ಗಲ್ಲಾದ ಪಕ್ಕದ ಬುಟ್ಟಿಯನ್ನು. ಇಲ್ಲಿ ಒಮಾನಿನ ಸೀಬ್‌ನ ಸೂಕಿನ, ಅಂದರೆ ಪೇಟೆಯ, ಅಂಗಡಿಗಳಲ್ಲಿ ಅಂಥದೊಂದು ಬುಟ್ಟಿ ಎಲ್ಲಾದರೂ ಮೂಲೆಯಲ್ಲಿ ಸಿಕ್ಕೇ ಸಿಗುತ್ತದೆ. ಅರ್ಧ ಮೀಟರು, ಕಾಲು ಮೀಟರು, ಯಾರೋ ಎರಡೂವರೆ ಮೀಟರು ಹರಿಸಿಕೊಂಡು ಹೋದಮೇಲೆ ಉಳಿದ ಗೇಣುದ್ದದ್ದು, ಎಲ್ಲವೂ ಮುದ್ದೆಯಾಗಿ ಬಿದ್ದಿರುತ್ತವೆ. ಅದರಲ್ಲಿ ಅಚ್ಚಿನ ಹತ್ತಿ ಬಟ್ಟೆ ಕಂಡಿತೆಂದರೆ ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತೇನೆ. ಬುಟ್ಟಿಯ ತುಂಡುಗಳಲ್ಲಿ ಅಂಚು ಉಳಿದಿರುವವೇ ನನಗೆ ಹೆಚ್ಚು ಇಷ್ಟ. ಅಚ್ಚಿನ ಬಟ್ಟೆಯ ಅಂಚಿನಲ್ಲಿ ಬಣ್ಣದ ಪುಟ್ಟ ಬೊಟ್ಟುಗಳ ಸಾಲೊಂದು ಇರುವುದನ್ನು ಹೊಲಿಯುವವರೆಲ್ಲ ನೋಡಿರುತ್ತಾರೆ. ಆ ಅಚ್ಚಿಗೆ ಬಳಸಿದ ಒಂದೊಂದು ಬಣ್ಣಕ್ಕೂ ಒಂದೊಂದು ಬೊಟ್ಟು. ಏಳು ಬೊಟ್ಟಿದ್ದರೆ ಏಳು ಬಣ್ಣ. ನಮ್ಮ ಕಣ್ಣಿಗೆ ಬರೀ ಕೆಂಪು ಹೂವು, ಹಸಿರು ಎಲೆ ಎಂದು ಕಂಡ ಬಟ್ಟೆಯಲ್ಲಿ ಒಂದು ಬೂದಿ ಬಣ್ಣ, ಒಂದು ಮಸುಕು ಗುಲಾಬಿ ಅಡಗಿರುತ್ತದೆ. ಆ ಬೊಟ್ಟುಗಳಲ್ಲಿ ಒಂದನ್ನು ಆರಿಸಿಕೊಂಡು ಅದೇ ಬಣ್ಣದ ಸಾದಾ ಬಟ್ಟೆ ತಂದರೆ ಆ ತುಣುಕು ಎಲ್ಲಿ ಕೂತರೂ ಹೊರಗಿನದೆನ್ನಿಸುವುದಿಲ್ಲ. ಎಷ್ಟೋ ಅಂಗಿಗಳ ಬಣ್ಣವನ್ನು ನಾನು ಹೀಗೆ ಅಂಚು ನೋಡಿಯೇ ನಿಶ್ಚಯಿಸಿದ್ದೇನೆ.

ನಾವಿರುವುದು ರುಸೈಲ್‌ನಲ್ಲಿ. ಮಸ್ಕತ್ ನೋಡಲು ಬರುವವರು ಈ ಊರನ್ನು ಕಾರಿನ ಕಿಟಕಿಯಿಂದ ನೋಡಿ ದಾಟಿಹೋಗುತ್ತಾರೆ. ಗಡಿಯಾರದ ಗೋಪುರವಿರುವ ಬುರ್ಜ್ ಅಲ್ ಸಹ್ವಾ ವೃತ್ತದಿಂದ ಫಂಜಾ, ಬಿದ್‌ಬಿದ್, ಸಮಾಯಿಲ್ ಮೇಲೆ ನಿಜ್ವಾಕ್ಕೆ ಹೋಗುವ ಹೆದ್ದಾರಿ ಶುರುವಾಗುವುದು ಇಲ್ಲಿ. ಒಂದು ಕಡೆ ಬೋಳು ಕಂದುಗುಡ್ಡ, ಇನ್ನೊಂದು ಕಡೆ ಕಾರ್ಖಾನೆಗಳ ತಗಡಿನ ಛಾವಣಿ. 1983ರಲ್ಲಿ ಆರಂಭವಾದ ಇಲ್ಲಿನ ಕೈಗಾರಿಕಾ ವಸಾಹತು ಒಮಾನಿನಲ್ಲೇ ಮೊದಲನೆಯದು. ತೊಂಬತ್ತರ ದಶಕದಲ್ಲಿ ಇಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳೂ ಇದ್ದವು. ಯಾವ ದೇಶದಿಂದ ಎಷ್ಟು ಉಡುಪು ಬರಬಹುದೆಂದು ಅಮೆರಿಕ ಆಗ ಕೋಟಾ ಗೊತ್ತುಮಾಡುತ್ತಿತ್ತು. ತಮ್ಮ ದೇಶದ ಕೋಟಾ ತುಂಬಿದ ಉದ್ಯಮಿಗಳು ಕೋಟಾ ಇನ್ನೂ ಉಳಿದಿರುವ ದೇಶಗಳಲ್ಲಿ ಮಷೀನು ಹೂಡುತ್ತಿದ್ದರು. ಹಾಗೆ ಹೊಲಿಗೆ ಒಮಾನಿಗೂ ಬಂತು, ಅದರ ಹಿಂದೆ ಭಾರತದಿಂದ, ಶ್ರೀಲಂಕಾದಿಂದ ಹೊಲಿಯುವ ಕೈಗಳೂ ಬಂದವು. 2005ರ ಜನವರಿ 1ಕ್ಕೆ ಕೋಟಾ ಪದ್ಧತಿ ಮುಗಿಯಿತು. ಆಮೇಲೆ ಇಲ್ಲಿ ಹೊಲಿಸುವ ಕಾರಣವೂ ಉಳಿಯಲಿಲ್ಲ.

ನಾವು ಬರುವ ಹೊತ್ತಿಗೆ ಅದೆಲ್ಲ ಹಳೆಯ ಮಾತಾಗಿತ್ತು. ಆದರೆ ಆ ಕಾಲದ ಬಟ್ಟೆ ನನ್ನ ಕೈಗೆ ಬಂದಿದೆ. ನಮ್ಮ ಕಟ್ಟಡದಲ್ಲಿ ಬಹಳ ವರ್ಷದಿಂದ ಇದ್ದ ಮಂಗಳೂರಿನ ಅಕ್ಕ ಊರಿಗೆ ಮರಳುವ ಮುಂಚೆ ಒಂದು ಚೀಲ ತಂದು ಕೊಟ್ಟರು. "ಇದನ್ನು ಬಿಸಾಡ್ಲಿಕ್ಕೆ ಮನಸ್ಸು ಬರುವುದಿಲ್ಲ ಮಾರಾಯ್ರೆ. ಇಷ್ಟು ಸಣ್ಣ ತುಂಡನ್ನು ನೀವಾದರೆ ಏನಾದರೂ ಮಾಡಿಯೀರಿ" ಎಂದರು. ಚೀಲದ ತುಂಬ ಕಾರ್ಖಾನೆಯ ಕತ್ತರಿಸಿದ ಚೂರು. ಒಂದೇ ಹೂವಿನ ಬಟ್ಟೆ, ಒಂದೇ ಅರ್ಧಚಂದ್ರದ ಆಕಾರ, ಒಂದರ ಮೇಲೊಂದು ಜೋಡಿಸಿ ರಬ್ಬರು ಹಾಕಿಟ್ಟ ಕಟ್ಟುಗಳು. ಮನೆಯ ದರ್ಜಿ ಒಂದೊಂದೇ ಅಂಗಿ ಕತ್ತರಿಸುತ್ತಾನೆ, ಅವನ ಚೂರುಗಳಲ್ಲಿ ಒಂದರಂತೆ ಒಂದಿರುವುದಿಲ್ಲ. ಕಾರ್ಖಾನೆಯಲ್ಲಿ ಮೇಜಿನ ಮೇಲೆ ಹತ್ತಾರು ಪದರ ಹಾಸಿ ಒಂದೇ ಸಲಕ್ಕೆ ಕೊಯ್ಯುತ್ತಾರೆ. ಕಂಕುಳ ತಿರುವಿನ ಪಕ್ಕ ಉಳಿಯುವ ಚೂರು ಎಲ್ಲ ಪದರದಲ್ಲೂ ಅಚ್ಚು ಹೊಯ್ದಂತೆ ಒಂದೇ. ತೋಳು, ಜೇಬು, ಭುಜ ಎಂದು ಎರಡೆರಡಾಗಿ ಬೇಕಾಗುವ ಕಡೆಗೆಲ್ಲ ಈ ಅವಳಿ ಚೂರು ಎಷ್ಟು ಅನುಕೂಲವೆಂದು ಹೊಲಿಯುವವರಿಗೆ ಹೇಳಬೇಕಾಗಿಲ್ಲ. ಉಡುಪು ಕತ್ತರಿಸುವಾಗ ನೂರಕ್ಕೆ ಹತ್ತು ಹದಿನೈದು ಭಾಗ ಬಟ್ಟೆ ಹೀಗೆ ಚೂರಾಗಿ ಹೋಗುವುದು ಸಾಮಾನ್ಯ. ಹತ್ತಿ ಬೆಳೆದು, ನೂತು, ನೇಯ್ದು, ಬಣ್ಣ ಕೊಟ್ಟು, ಆರು ಏಳು ಸಲ ಅಚ್ಚೊತ್ತಿಸಿಕೊಂಡ ಬಟ್ಟೆ ಅದು. ಪೂರಾ ಕೆಲಸ ಮುಗಿದಮೇಲೆ ಕಸವಾಗುವ ಅದನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಆದರೂ ಉಳಿತಾಯಕ್ಕಾಗಿ ತುಣುಕು ಬಳಸಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ. ತುಣುಕು ಸಿಕ್ಕಿತೆಂದು ಅಂಗಿಯ ಮೇಲೆ ಎಲ್ಲೆಂದರಲ್ಲಿ ಅಂಟಿಸಿದರೆ ಅಂಗಿಯೂ ಕೆಡುತ್ತದೆ, ತುಣುಕೂ ಕೆಡುತ್ತದೆ. ಅಚ್ಚಿನ ತುಣುಕು ಚೆನ್ನಾಗಿ ಕಾಣುವುದು ಉಡುಪಿಗೆ ಬಟ್ಟೆ ಬೇಕಾಗಿರುವ ಜಾಗದಲ್ಲಿ. ಕೈ ಎತ್ತಿದಾಗ ಹಿಡಿಯುವ ಕಂಕುಳು, ನಡೆಯುವಾಗ ಬಿಗಿಯುವ ಕೆಳಘೇರು, ಬೆವರಿಗೆ ಮೊದಲು ಸವೆಯುವ ಕುತ್ತಿಗೆ, ಉಜ್ಜಿ ಉಜ್ಜಿ ಕಪ್ಪಾಗುವ ತೋಳಿನ ತುದಿ, ಬೆಳೆಯುವ ಮಗುವಿನ ಫ್ರಾಕಿನ ಉದ್ದ. ಈ ಜಾಗಗಳು ತಾವಾಗಿ ಬಟ್ಟೆ ಕೇಳುತ್ತವೆ. ಅಲ್ಲಿಟ್ಟ ಹೂವು ಕೆಲಸವನ್ನೂ ಮಾಡುತ್ತದೆ, ಅಂದವನ್ನೂ ಕೊಡುತ್ತದೆ. ಕೆಲಸವಿಲ್ಲದ ಕಡೆ ಇಟ್ಟ ಹೂವು ಬರೀ ತೇಪೆ.

ಇದನ್ನು ನಾನು ಕಲಿತದ್ದು ನಮ್ಮ ಅವ್ವನಿಂದ, ಬಾಗಲಕೋಟೆ ಸೀಮೆಯಲ್ಲಿ. ಗುಳೇದಗುಡ್ಡದ ಖಣ ಅಲ್ಲಿ ಎಲ್ಲರ ಮನೆಯ ಬಟ್ಟೆ. ಅದು ಅಚ್ಚಿನದಲ್ಲ, ಮಗ್ಗದಲ್ಲೇ ಸಣ್ಣ ಸಣ್ಣ ಹೂವು ಮೂಡಿಸಿ ನೇಯ್ದದ್ದು. ಖಣದಲ್ಲಿ ಕುಬಸ ಕತ್ತರಿಸುವಾಗ ದಡಿ ತೋಳಿಗೇ ಬರುವಂತೆ ಹೊಂದಿಸಬೇಕು. ಹಾಗೆ ಹೊಂದಿಸಿದಮೇಲೆ ಅಲ್ಲೊಂದು ಇಲ್ಲೊಂದು ಮೂಲೆ ಉಳಿಯುತ್ತದೆ. ಆ ಮೂಲೆಗಳೆಲ್ಲ ಒಂದು ಡಬ್ಬಿ ಸೇರುತ್ತಿದ್ದವು. ಮನೆಯಲ್ಲೋ ಓಣಿಯಲ್ಲೋ ಒಂದು ಕೂಸು ಹುಟ್ಟಿತೆಂದರೆ ಡಬ್ಬಿ ಹೊರಗೆ ಬರುತ್ತಿತ್ತು, ಕುಂಚಿಗೆ ಹೊಲಿಯಲಿಕ್ಕೆ. ತಲೆಗೆ ಟೋಪಿಯಾಗಿ ಬೆನ್ನ ಮೇಲೆ ಇಳಿಬೀಳುವ ಆ ಉಡುಪಿನಲ್ಲಿ ಕೂಸಿನ ನೆತ್ತಿಯ ಮೇಲೆ ಬರುವ ತುಂಡು ಯಾವುದು, ಬೆನ್ನಿಗೆ ಯಾವುದು ಎಂದು ಅವ್ವ ಬಹಳ ಹೊತ್ತು ಇಟ್ಟು ತೆಗೆದು ನೋಡುತ್ತಿದ್ದಳು. "ಮೆತ್ತಗಿದ್ದದ್ದು ನೆತ್ತಿಗಿ, ಚಂದಿದ್ದದ್ದು ಬೆನ್ನಿಗಿ. ಕೂಸಿಗೆ ತನ್ನ ಬೆನ್ನು ಕಾಣಂಗಿಲ್ಲ, ಎತ್ತಿಕೊಂಡವರಿಗೆ ಕಾಣತೈತಿ" ಎನ್ನುತ್ತಿದ್ದಳು. ಒಳಗೆ ಹಳೆಯ ಚೀಟಿ ಬಟ್ಟೆಯ ಅಸ್ತರು. ಎಷ್ಟೋ ಸಲ ಒಗೆದು ಒಗೆದು ಹೂವು ಮಾಸಿ ಬೆಣ್ಣೆಯಷ್ಟು ಮೆದುವಾದ ಬಟ್ಟೆ ಅದು.

ಹಳಿಯಾಳದ ಕಡೆ ನಮ್ಮ ಚಿಕ್ಕವ್ವನ ಮನೆ. ಅಲ್ಲಿ ಸಿದ್ದಿ ಹೆಂಗಸರ ಕೌದಿ ನೋಡಿದ್ದೇನೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ನೆಲೆಸಿರುವ ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಸಮುದ್ರ ದಾಟಿ ಬಂದವರು. ಅವರ ಕೌದಿ ನಮ್ಮದರ ಹಾಗಲ್ಲ. ಚೂರುಗಳನ್ನು ಮೊದಲೇ ಕೂಡಿಸಿಕೊಳ್ಳುವುದಿಲ್ಲ. ಕೆಳಗೆ ಒಂದು ಹಳೆಯ ಸೀರೆ ಹಾಸಿ, ಒಂದು ಮೂಲೆಯಿಂದ ಶುರುಮಾಡಿ, ಅಂಚಿನಗುಂಟ ಚೂರು ಇಡುತ್ತ ಹೊಲಿಯುತ್ತ ಸುತ್ತು ಹಾಕುತ್ತಾರೆ. ಸುತ್ತಿನೊಳಗೆ ಸುತ್ತು ಬಂದು ಹೊಲಿಗೆ ನಡುವೆ ಕೂಡುತ್ತದೆ. ದೊಡ್ಡ ಚೂರಿನ ಮೇಲೆ ಬೇರೆ ಬಣ್ಣದ ಪುಟ್ಟ ಚೌಕ. ಕಡೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಡಚಿ ತ್ರಿಕೋನ ಮಾಡಿ ಕೂರಿಸುತ್ತಾರೆ. ಅದಕ್ಕೆ ಫುಲಾ ಎನ್ನುತ್ತಾರೆ, ಹೂವು ಎಂದೇ ಅರ್ಥ. ಹೂವಿಲ್ಲದ ಕೌದಿ ಅವರಿಗೆ ಮುಗಿದ ಕೌದಿಯಲ್ಲ. ಮೊದಲು ಸವೆಯುವುದು ಹೊದಿಕೆಯ ಮೂಲೆಗಳು, ಎಳೆದಾಡುವುದು ಅಲ್ಲಿಯೇ. ಆ ನಾಲ್ಕು ಕಡೆಗೆ ದಪ್ಪ ಬಟ್ಟೆಯೂ ಸಿಕ್ಕಿತು, ಹೂವೂ ಆಯಿತು.

ಒಮಾನಿಗೆ ಬಂದಮೇಲೆ ಇಲ್ಲಿಯ ಉಡುಪುಗಳಲ್ಲಿಯೂ ಇದೇ ಬುದ್ಧಿ ಕಂಡು ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇಲ್ಲಿನ ಹೆಂಗಸರು ಉದ್ದ ಅಂಗಿಯ ಕೆಳಗೆ ತೊಡುವ ಸಿರ್ವಾಲಿನಲ್ಲಿ ಕಸೂತಿ ಇರುವುದು ಕಾಲ ಗಂಟಿನ ಹತ್ತಿರ, ಅಂಗಿಯ ಕೆಳಗಿಂದ ಹೊರಗೆ ಕಾಣುವಷ್ಟು ಮಾತ್ರ. ಮೇಲಿನ ಭಾಗಕ್ಕೆ ಸಾದಾ ಬಟ್ಟೆ ಸಾಕು. ಇನ್ನು ಮಸ್ಕತ್ತಿನಲ್ಲೂ ಬಾತಿನಾ ತೀರದಲ್ಲೂ ಬಲೂಚಿ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಅವರ ಮೂಲನಾಡಾದ ಮಕ್ರಾನ್ ತೀರದ ಗ್ವಾದರ್ 1958ರವರೆಗೆ ಒಮಾನಿನದೇ ಆಗಿತ್ತು. ಬಲೂಚಿ ಹೆಂಗಸರ ಅಂಗಿಯಲ್ಲಿ ಕಸೂತಿ ನಾಲ್ಕು ಕಡೆ: ಎದೆಯ ಮೇಲೊಂದು ಅಗಲ ಪಟ್ಟಿ, ಎರಡು ತೋಳ ತುದಿಗೆ ಎರಡು, ಮುಂದುಗಡೆ ಸೊಂಟದಿಂದ ಕೆಳಗಿಳಿಯುವ ಉದ್ದ ಜೇಬು. ನಾಲ್ಕನ್ನೂ ಬೇರೆಯಾಗಿ ಕಸೂತಿ ಮಾಡಿ ಆಮೇಲೆ ಅಂಗಿಗೆ ಕೂಡಿಸುತ್ತಾರೆ. ನಮ್ಮ ಬೀದಿಯ ಬಲೂಚಿ ಅಜ್ಜಿಗೆ ಉರ್ದು ಬರುತ್ತದೆ, ಮಾತಿಗೆ ತೊಂದರೆಯಿಲ್ಲ. ಒಂದು ದಿನ ಅವರು ತೊಟ್ಟ ಅಂಗಿ ಹೊಸದು, ಎದೆಯ ಪಟ್ಟಿಯ ರೇಷ್ಮೆ ಮಾತ್ರ ಮಾಸಿತ್ತು. ಕೇಳಿದೆ. ಪಟ್ಟಿ ಅವರ ಮದುವೆ ಕಾಲದ್ದಂತೆ. ಅಂಗಿ ಹರಿದಾಗಲೆಲ್ಲ ಹೊಲಿಗೆ ಬಿಚ್ಚಿ ಪಟ್ಟಿ ತೆಗೆದು ಹೊಸ ಅಂಗಿಗೆ ಕೂಡಿಸುತ್ತ ಬಂದಿದ್ದಾರೆ. "ಅಂಗಿ ಬದಲಾಗುತ್ತದೆ ಮಗಳೇ, ಇದು ನನ್ನದು" ಎಂದರು. ಆ ದಿನದಿಂದ ನಾನು ತುಣುಕು ಕೂಡಿಸುವಾಗ ಬಿಚ್ಚಲು ಬರುವ ಹಾಗೆ ಹೊಲಿಯುತ್ತೇನೆ. ಮಷೀನಿನ ಹೊಲಿಗೆ ಸ್ವಲ್ಪ ಉದ್ದ ಇಟ್ಟು, ತುಣುಕಿನ ಸುತ್ತ ಅರ್ಧ ಇಂಚು ಮಾರ್ಜಿನ್ ಉಳಿಸಿ. ಅಂಗಿ ಸವೆದರೆ ತುಣುಕು ಇನ್ನೊಂದು ಅಂಗಿಗೆ ಹೋಗಲಿ.

ಅಚ್ಚಿನ ತುಣುಕಿನ ಮೇಲಿನ ಈ ಮೋಹ ಹೊಸದಲ್ಲ. ಗುಜರಾತಿನ ಅಚ್ಚಿನ ಹತ್ತಿ ಬಟ್ಟೆ ಅರಬ್ಬಿ ಸಮುದ್ರ ದಾಟಿ ಈಜಿಪ್ಟಿಗೆ ಹೋಗುತ್ತಿದ್ದುದು ಸಾವಿರ ವರ್ಷದ ಹಿಂದಿನ ಸಂಗತಿ. ಹಳೆಯ ಕೈರೋದ ಫುಸ್ತಾತಿನ ಹೆಸರಿನಲ್ಲಿ ಅವುಗಳ ಚೂರುಗಳು ಇಂದು ಮ್ಯೂಸಿಯಂಗಳಲ್ಲಿವೆ. ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂನ ನ್ಯೂಬೆರಿ ಸಂಗ್ರಹ ಒಂದರಲ್ಲೇ ಸುಮಾರು 1,200 ಚೂರು ಉಂಟು. ಮಂಜಿಷ್ಠದ ಕೆಂಪು, ನೀಲಿಯ ಅಚ್ಚು, ಕೆಲವಕ್ಕೆ ಇನ್ನೂ ಹೊಲಿಗೆಯ ಗುರುತು. ತೊಟ್ಟು, ಸವೆದು, ಕತ್ತರಿಸಿ, ಮತ್ತೆ ಕೂಡಿಸಿ ಹೊಲಿದ ಬಟ್ಟೆಗಳವು. ಆಮೇಲಿನ ಶತಮಾನಗಳಲ್ಲಿ ನಮ್ಮ ಕೋರಮಂಡಲ ತೀರದ ಹೂಬಟ್ಟೆಗೆ ಯೂರೋಪು ಎಷ್ಟು ಮರುಳಾಯಿತೆಂದರೆ ಅಲ್ಲಿನ ನೇಕಾರರು ಬೀದಿಗಿಳಿದರು. ಫ್ರಾನ್ಸು 1686ರಿಂದ 1759ರವರೆಗೆ ಅಚ್ಚಿನ ಹತ್ತಿ ಬಟ್ಟೆಯನ್ನು ನಿಷೇಧಿಸಿತು. ಇಂಗ್ಲೆಂಡು 1721ರಲ್ಲಿ ಕಾನೂನು ಮಾಡಿತು. ಅಷ್ಟು ಬೆಲೆಯ, ಅಷ್ಟು ಅಪರೂಪದ ಬಟ್ಟೆಯ ಒಂದು ಗೇಣು ಕೈಯಲ್ಲಿದ್ದ ಹೆಂಗಸರು ಏನು ಮಾಡಿದರು? ಒಂದು ಹಕ್ಕಿ, ಒಂದು ದಾಳಿಂಬೆ, ಒಂದು ಬಳ್ಳಿಯನ್ನು ಗೆರೆಗುಂಟ ಕತ್ತರಿಸಿ ಬಿಳಿ ಬಟ್ಟೆಯ ಮೇಲೆ ದೂರ ದೂರ ಹರಡಿ ಹೊಲಿದರು. ಒಂದು ಗೇಣು ಬಟ್ಟೆ ಒಂದು ಹಾಸಿಗೆಯಗಲ ಅರಳಿತು. ಆ ಕಸೂತಿಗೆ ಹೆಸರು ಬಂದದ್ದು ಪರ್ಷಿಯಾದಿಂದ, 'ಬ್ರೋಡರಿ ಪರ್ಸ್' ಎಂದು. ಬಟ್ಟೆ ಮಚಲಿಪಟ್ಟಣದ ಕಡೆಯದು. ಆ ಬಣ್ಣಗಾರರ ಹೆಸರು ಅಲ್ಲಿ ಉಳಿಯದೆ ಹೋದದ್ದಕ್ಕೆ ನನಗೆ ಬೇಸರವಿದೆ. ಆದರೆ ಕಡಿಮೆ ಬಟ್ಟೆಯನ್ನು ಒಂದೇ ಕಡೆ ಒತ್ತದೆ ಸುತ್ತಲೂ ಬಿಡುವು ಕೊಟ್ಟು ಕೂರಿಸಿದ ಆ ಹೆಂಗಸರ ಕೈಗೆ ನಾನು ನಮಸ್ಕರಿಸುತ್ತೇನೆ.

ತುಣುಕು ಕೂರಿಸುವ ಮಾತು ಬಂತು. ಹೊಲಿಯುವವರಿಗೆ ಇನ್ನಷ್ಟು ಹೇಳಲೇಬೇಕು.

ತುಣುಕನ್ನು ಕತ್ತರಿಸುವ ಮುಂಚೆ ನೀರಲ್ಲಿ ನೆನೆಸಿ ಒಣಗಿಸಲೇಬೇಕು. ಇಲ್ಲಿ ಇದಕ್ಕೆ ಹೆಚ್ಚಿನ ಕಾರಣವಿದೆ. ಇಲ್ಲಿನ ಗಂಡಸರ ಉದ್ದ ಅಂಗಿಯಾದ ದಿಶ್‌ದಾಶ ಹೊಲಿಯುವ ದರ್ಜಿಗಳ ಹತ್ತಿರ ಬಿಳಿ, ಕೆನೆ, ತಿಳಿನೀಲಿ ಬಣ್ಣದ ಸಾದಾ ಚೂರು ಬೇಕಾದಷ್ಟು ಸಿಗುತ್ತದೆ. ನಯವಾದ ಬಟ್ಟೆ, ಅಚ್ಚಿನ ತುಣುಕಿಗೆ ಒಳ್ಳೆಯ ಹಿನ್ನೆಲೆ. ಆದರೆ ಬಹುಪಾಲು ಪಾಲಿಯೆಸ್ಟರ್ ಬೆರೆತದ್ದು, ಒಗೆದರೆ ಕುಗ್ಗುವುದಿಲ್ಲ. ಅದರೊಳಗೆ ಕೂರಿಸಿದ ಹತ್ತಿಯ ತುಣುಕು ಕುಗ್ಗುತ್ತದೆ, ಸುತ್ತಲಿನ ಬಟ್ಟೆ ನೆರಿಗೆಯಾಗಿ ಎದ್ದು ನಿಲ್ಲುತ್ತದೆ. ಬಣ್ಣ ಬಿಡುತ್ತದೋ ಎಂದು ಬಿಳಿ ಚಿಂದಿಯೊಂದನ್ನು ಅದೇ ನೀರಲ್ಲಿ ಹಾಕಿ ನೋಡಬೇಕು. ನೆತ್ತಿ ಸುಡುವ ಮೇ ಜೂನಿನಲ್ಲಿ, 45 ಡಿಗ್ರಿ ದಾಟುವ ಈ ಊರಲ್ಲಿ, ಒಣಗಲು ಹೆಚ್ಚು ಹೊತ್ತು ಬೇಡ. ಬಿಸಿಲಲ್ಲಿ ಮರೆತುಬಿಟ್ಟರೆ ಬಣ್ಣವೂ ಹೋಗುತ್ತದೆ, ಅದಕ್ಕೇ ನೆರಳು ಒಳ್ಳೆಯದು.

ಆಮೇಲೆ ಹಾಸು ಹೊಕ್ಕು ನೋಡುವುದು. ತುಣುಕಿನ ಹಾಸಿನ ಎಳೆ ಅಂಗಿಯ ಹಾಸಿನ ಎಳೆಯ ದಿಕ್ಕಿಗೇ ಇರಬೇಕು. ಅಂಚಿಲ್ಲದ ಚೂರಿನಲ್ಲಿ ಹಾಸು ಯಾವುದೆಂದು ತಿಳಿಯಲು ಎರಡೂ ದಿಕ್ಕಿಗೆ ಎಳೆದು ನೋಡಿದರೆ ಸಾಕು, ಕಡಿಮೆ ಹಿಗ್ಗುವುದು ಹಾಸು. ಓರೆಯಾಗಿ ಇಟ್ಟ ತುಣುಕು ನಾಲ್ಕು ಒಗೆತಕ್ಕೆ ಜೋಲುತ್ತದೆ. ಓರೆಯೇ ಬೇಕಾಗುವುದು ಕುತ್ತಿಗೆಯ ಪೈಪಿಂಗಿಗೆ, ತಿರುವಿನಲ್ಲಿ ಬಗ್ಗಬೇಕಾದ್ದರಿಂದ. ಎಷ್ಟೋ ಸಲ ಅಚ್ಚೇ ಎಳೆಗೆ ಸೊಟ್ಟಗಿರುತ್ತದೆ. ಆಗ ದೊಡ್ಡ ಪಟ್ಟಿಗೆ ಆ ಬಟ್ಟೆ ಬಳಸದೆ ಒಂಟಿ ಹೂವಿಗೆ ಇಟ್ಟುಕೊಳ್ಳುವುದು ಲೇಸು.

ಯಾವ ಹೂವು ಬೇಕೆಂದು ಆರಿಸಲು ನಾನು ದಪ್ಪ ಕಾಗದದಲ್ಲಿ ಬೇಕಾದ ಆಕಾರದ ಕಿಂಡಿ ಕೊರೆದು ಬಟ್ಟೆಯ ಮೇಲೆ ಸರಿಸುತ್ತ ಹೋಗುತ್ತೇನೆ. ಕಿಂಡಿಯಲ್ಲಿ ಒಮ್ಮೆ ಬರೀ ಎಲೆ, ಒಮ್ಮೆ ಅರ್ಧ ಹೂವು, ಒಮ್ಮೆ ಮೊಗ್ಗಿನ ಜೊತೆ ಖಾಲಿ ನೆಲ. ಇಡೀ ಬಟ್ಟೆಯಲ್ಲಿ ಕಾಣದೆ ಹೋದದ್ದು ಆ ಪುಟ್ಟ ಚೌಕಟ್ಟಿನೊಳಗೆ ಎದ್ದು ಕಾಣುತ್ತದೆ. ಈ ಸರಿಸುವ ಕೆಲಸಕ್ಕೆ ಹೊಲಿಗೆಗಿಂತ ಹೆಚ್ಚು ಹೊತ್ತು ಹೋಗುತ್ತದೆ, ಹೋಗಲಿ. ತುಣುಕು ಚಿಕ್ಕದಾಗಿರುವುದರಿಂದಲೇ ನಾವು ಅದನ್ನು ಇಷ್ಟು ದಿಟ್ಟಿಸಿ ನೋಡುತ್ತೇವೆ. ಆರು ಮೀಟರಿದ್ದರೆ ಯಾರು ನೋಡುತ್ತಾರೆ?

ಕೂರಿಸುವ ರೀತಿ ಜಾಗಕ್ಕೆ ತಕ್ಕಂತೆ. ಕಂಕುಳಿಗಾದರೆ ಹಳೆಯ ಕುರ್ತಾಗಳಲ್ಲಿ ಇಡುತ್ತಿದ್ದ ಚೌಕ ಬಗಲು. ಸಾದಾ ಕುರ್ತಾದಲ್ಲಿ ಕೈ ಎತ್ತಿದಾಗ ಮಾತ್ರ ಕಾಣುವ ನಾಲ್ಕು ಬೆರಳಗಲದ ಅಚ್ಚು ನನಗೆ ಬಹಳ ಪ್ರೀತಿ. ಘೇರಿಗಾದರೆ ಸೀಳಿಗೆ ತ್ರಿಕೋನದ ಕಲಿ, ಹೂವು ಕೆಳಗೆ ಅರಳಿ ಮೇಲಕ್ಕೆ ಸಣ್ಣದಾಗುವಂತೆ. ಕುತ್ತಿಗೆಯ ಒಳಪಟ್ಟಿಯನ್ನು ಒಳಗಿನಿಂದ ಹೊಲಿದು ಹೊರಕ್ಕೆ ತಿರುಗಿಸಿದರೆ ಅದೇ ಅಲಂಕಾರದ ಪಟ್ಟಿ. ಮಗುವಿನ ಫ್ರಾಕು ಮೊಣಕಾಲಿಂದ ಮೇಲೇರಿದರೆ ತುದಿಗೆ ಬಟ್ಟೆ ಕೂಡಿಸಬಾರದು, ಉದ್ದ ಮಾಡಿದ್ದೆಂದು ಎಲ್ಲರಿಗೂ ತಿಳಿಯುತ್ತದೆ. ತುದಿಗಿಂತ ನಾಲ್ಕು ಬೆರಳು ಮೇಲೆ ಅಡ್ಡಕ್ಕೆ ಕತ್ತರಿಸಿ ನಡುವೆ ಅಚ್ಚಿನ ಪಟ್ಟಿ ಸೇರಿಸಬೇಕು. ಫ್ರಾಕಿನ ಮೊದಲಿನ ಅಂಚು ಅಂಚಾಗಿಯೇ ಉಳಿಯುತ್ತದೆ, ಪಟ್ಟಿ ಮೊದಲಿಂದಲೂ ಇದ್ದಂತಿರುತ್ತದೆ.

ಎದೆಯ ಮೇಲೆ ವಜ್ರಾಕಾರದ ಕಿಂಡಿ ತೆಗೆದು ಹಿಂದಿನಿಂದ ಅಚ್ಚು ಕೂರಿಸುವುದು ಎಲ್ಲಕ್ಕಿಂತ ಕಷ್ಟದ್ದು. ಗುರುತು ಹಾಕಿ ನಡುವಿನಿಂದ ನಾಲ್ಕು ಮೂಲೆಗೂ ಕತ್ತರಿಸುವಾಗ ಮೂಲೆಗೆ ಒಂದೆರಡು ಎಳೆ ಮುಂಚೆ ಕತ್ತರಿ ನಿಲ್ಲಬೇಕು. ಅಲ್ಲಿಗೆ ಬಾರದಿದ್ದರೆ ಮೂಲೆ ಮುದ್ದೆ, ದಾಟಿದರೆ ತೂತು. ರೆಕ್ಕೆಗಳನ್ನು ಹಿಂದಕ್ಕೆ ಮಡಚಿ ಇಸ್ತ್ರಿ ಹೊಡೆದು, ಅಚ್ಚನ್ನು ಹಿಂದಿಟ್ಟು, ಕಚ್ಚಾ ಹಾಕಿ, ದೂರ ನಿಂತು ನೋಡಿ, ಆಮೇಲೆ ಹೊಲಿಗೆ. ದೂರ ನಿಂತು ನೋಡುವುದನ್ನು ಯಾರೂ ಬಿಡಬಾರದು. ಅಂಗಿಯನ್ನು ಜನ ನೋಡುವುದು ದೂರದಿಂದಲೇ.

ಕೆಲವು ಕಡೆ ನಾನು ಗಟ್ಟಿ. ಒಂದು ಅಂಗಿಗೆ ಒಂದು ಅಚ್ಚು, ಹೆಚ್ಚೆಂದರೆ ಎರಡು. ತೇಪೆ ಹಾಕಿದಂತೆಯೇ ಅಚ್ಚೊತ್ತಿದ ಬಟ್ಟೆ ಈಗ ಮೀಟರುಗಟ್ಟಲೆ ಸಿಗುತ್ತದೆ, ಅದು ನನಗೆ ಬೇಡ. ಅದರಲ್ಲಿ ಯಾರ ಡಬ್ಬಿಯೂ ಇಲ್ಲ, ಯಾರ ಕುಬಸವೂ ಇಲ್ಲ. ದೇವರ ಚಿತ್ರ, ಓಂಕಾರ, ಅಕ್ಷರಗಳಿರುವ ಅಚ್ಚನ್ನು ಸೊಂಟದಿಂದ ಕೆಳಗೆ ಇಡುವುದಿಲ್ಲ. ಅರಬ್ಬಿ ಬರಹದಂತೆ ಕಾಣುವ ಬಳ್ಳಿಗಳ ಬಟ್ಟೆಯನ್ನಂತೂ ಓದಲು ಬರುವವರಿಗೆ ತೋರಿಸಿಯೇ ಕತ್ತರಿ ಹಾಕುತ್ತೇನೆ. ಯಾರದೋ ಪವಿತ್ರ ಮಾತು ನನ್ನ ಕಾಲಬಳಿ ಬರಬಾರದು.

ಇಲ್ಲಿರುವ ನಮ್ಮಂಥವರಿಗೆ ತುಣುಕು ಇನ್ನೊಂದು ಕಾರಣಕ್ಕೂ ಹತ್ತಿರದ್ದು. ಊರಿಂದ ಬರುವಾಗ ವಿಮಾನದ ತೂಕದಲ್ಲಿ ಮೊದಲ ಪಾಲು ಚಟ್ನಿಪುಡಿಗೆ, ಜೋಳದ ಹಿಟ್ಟಿಗೆ, ಉಪ್ಪಿನಕಾಯಿಗೆ. ಇಡೀ ಸೀರೆಗಳಿಗೆ ಜಾಗ ಉಳಿಯುವುದಿಲ್ಲ, ಇಳಕಲ್ಲ ಸೆರಗಿನ ಒಂದು ತುಂಡಿಗೆ, ಅತ್ತೆಯ ಹಳೆಯ ವಾಯಲ್ ಸೀರೆಯ ಒಂದು ಮೊಳಕ್ಕೆ ಜಾಗ ಉಂಟು. ರಾಜ್ಯೋತ್ಸವದ ಕಾಲಕ್ಕೆ ಮಸ್ಕತ್ತಿನ ಕನ್ನಡ ಮಕ್ಕಳಿಗೆ ಹಳದಿ ಕೆಂಪಿನ ಉಡುಪು ಬೇಕಾಗುತ್ತದೆ. ಒಂದೇ ಥಾನಿನಿಂದ ಎಲ್ಲರಿಗೂ ಹೊಲಿಸಿದರೆ ಕೆಲಸ ಸುಲಭ. ನಾನು ಹಳದಿ ಸಾದಾ ಬಟ್ಟೆ ಮಾತ್ರ ಸೂಕಿನಿಂದ ತಂದು, ಕೆಂಪು ಅಚ್ಚಿನ ತುಣುಕನ್ನು ಆಯಾ ಮನೆಯಿಂದಲೇ ಕೇಳುತ್ತೇನೆ. ಒಬ್ಬರು ಅಜ್ಜಿಯ ಚೀಟಿ ಲಂಗದ ಚೂರು ಕೊಡುತ್ತಾರೆ, ಇನ್ನೊಬ್ಬರು ಮದುವೆಯ ಬ್ಲೌಸ್ ಪೀಸಿನ ಉಳಿಕೆ. ಸಾಲಾಗಿ ನಿಂತ ಮಕ್ಕಳ ಕುತ್ತಿಗೆಯಲ್ಲಿ ಬೇರೆ ಬೇರೆ ಊರಿನ ಹೂವು. ಒಂದೆರಡು ವರ್ಷಕ್ಕೆ ಆ ಕುರ್ತಾ ಗಿಡ್ಡವಾಗುತ್ತದೆ, ಇನ್ನೊಂದು ಮನೆಯ ಮಗುವಿಗೆ ಹೋಗುತ್ತದೆ. ಅಷ್ಟರಲ್ಲಿ ಮೊದಲಿನ ಕುಟುಂಬ ದೋಹಾಕ್ಕೋ ಹುಬ್ಬಳ್ಳಿಗೋ ಹೊರಟಿರಬಹುದು. ಅವರ ಮನೆಯ ಹೂವು ಇಲ್ಲಿ ಇನ್ನೊಬ್ಬರ ಕುತ್ತಿಗೆಯಲ್ಲಿ ಆಡುತ್ತಿರುತ್ತದೆ.

ಈಗ ಮಗಳಿಗೂ ಕತ್ತರಿ ಕೊಟ್ಟಿದ್ದೇನೆ. ಮಂಗಳೂರಿನ ಅಕ್ಕನ ಚೀಲದ ಕಡೆಯ ಕಟ್ಟು ಅವಳ ಪಾಲಿಗೆ ಬಂದಿದೆ. ಬೂದು ನೆಲದ ಮೇಲೆ ಕೇಸರಿ ಹೂವು, ಅರ್ಧಚಂದ್ರದ ಚೂರುಗಳು. ರಜಾದಿನದ ತನ್ನ ನೀಲಿ ಅಂಗಿಗೆ ಅದನ್ನು ಎಲ್ಲಿಡುತ್ತಾಳೋ ಎಂದು ಕಾಯುತ್ತಿದ್ದೆ. ಎದೆಯ ಮೇಲೆ ಎಂದುಕೊಂಡಿದ್ದೆ, ಎಲ್ಲ ಮಕ್ಕಳೂ ಅಲ್ಲೇ ಇಡುತ್ತಾರೆ. ಅವಳು ಎರಡೂ ಭುಜದ ಮೇಲಿಟ್ಟಳು. ಯಾಕೆಂದು ಕೇಳಿದೆ. "ಅಮ್ಮಾ, ಬ್ಯಾಗಿನ ಪಟ್ಟಿ ಉಜ್ಜಿ ಅಲ್ಲೇ ತೆಳ್ಳಗಾಗ್ತದಲ್ಲ" ಎಂದಳು. ಬಲ ಭುಜದ್ದು ಕೂಡಿಸಿಯಾಗಿದೆ. ಎಡಕ್ಕೆ ಇಟ್ಟ ಚೂರಿನಲ್ಲಿ ಹೂವು ಬೆನ್ನಿನ ಕಡೆ ಮುಖ ಮಾಡಿದೆ, ಅದು ಅವಳಿಗೆ ಒಪ್ಪಿಗೆಯಿಲ್ಲ. ಎದುರುಬದುರಾಗುವ ಇನ್ನೊಂದು ಚೂರಿಗಾಗಿ ಇಬ್ಬರೂ ಕಟ್ಟನ್ನು ನೆಲಕ್ಕೆ ಹರಡಿ ಕಿಂಡಿಯ ಕಾಗದ ಹಿಡಿದು ಕೂತಿದ್ದೇವೆ.